ಸಮುದ್ರ ಸರಿಸಿದ ಗಾಳಿ: ಹೀಬ್ರೂ ಗ್ರಂಥದ ಪವಾಡಗಳಿಗೆ ನಿಸರ್ಗದಲ್ಲಿ ಉತ್ತರ ಹುಡುಕುವುದು

ಸಂಘದ ವಾರ್ಷಿಕ ಸಮ್ಮೇಳನದ ದಿಕ್ಸೂಚಿ ಭಾಷಣ



ನಂಬಿಕೆ ಮತ್ತು ವಿಜ್ಞಾನ ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಪದಾಧಿಕಾರಿಗಳು ಕೇಳಿದರು. ಅಷ್ಟು ದೊಡ್ಡ ವಿಷಯವನ್ನು ಮುಕ್ಕಾಲು ಗಂಟೆಯಲ್ಲಿ ಹೇಳಲಾಗದು. ಅದರಲ್ಲಿ ಒಂದು ಮೂಲೆಯನ್ನು ಆರಿಸಿಕೊಂಡಿದ್ದೇನೆ. ಯಹೂದಿಗಳ ಹೀಬ್ರೂ ಗ್ರಂಥದಲ್ಲಿ, ಅಂದರೆ ಕ್ರೈಸ್ತರು ಹಳೆಯ ಒಡಂಬಡಿಕೆ ಎನ್ನುವ ಭಾಗದಲ್ಲಿ ಬರುವ ಪವಾಡಗಳಿಗೆ ನಿಸರ್ಗದಲ್ಲಿ ಕಾರಣ ಹುಡುಕುವ ಪ್ರಯತ್ನಗಳ ಬಗ್ಗೆ ಮಾತಾಡುತ್ತೇನೆ. ನಾನು ಧರ್ಮಪಂಡಿತನಲ್ಲ. ಬಂದರಿನಲ್ಲಿ ನೀರಿನ ಮಟ್ಟ ಅಳೆಯುವುದು ನನ್ನ ಕೆಲಸ. ಗಾಳಿ ಬೀಸಿದರೆ ಸಮುದ್ರ ಏನು ಮಾಡುತ್ತದೆ ಎಂಬುದು ನನಗೆ ಸಂಬಳ ಕೊಡುವ ಪ್ರಶ್ನೆ. ಆ ದಾರಿಯಿಂದಲೇ ಈ ವಿಷಯದೊಳಗೆ ಬಂದೆ.

ಈ ವಿಷಯ ನಮಗೇಕೆ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಸೈಟಿನಲ್ಲಿ, ನಮ್ಮ ರೂಮಿನಲ್ಲಿ ಯಾರ್ಯಾರಿದ್ದಾರೆ ನೋಡಿ. ಅರಬರಿಗೆ ಮೂಸಾ ಒಬ್ಬ ಪ್ರವಾದಿ. ಮಂಗಳೂರಿನ ಕ್ರೈಸ್ತ ಬಂಧುಗಳಿಗೆ ಅವನು ಮೋಶೆ. ಉಡುಪಿ, ಭಟ್ಕಳದ ಮುಸ್ಲಿಮರಿಗೆ ಆ ಕತೆ ಬಾಲ್ಯದಿಂದ ಗೊತ್ತು. ಹೀಗಿರುವಾಗ ತಿಂಗಳಿಗೊಂದು ವಿಡಿಯೋ ಮೊಬೈಲಿಗೆ ಬರುತ್ತದೆ. ಒಂದರಲ್ಲಿ 'ಸಮುದ್ರ ಸೀಳಿದ್ದು ನಿಜ, ವಿಜ್ಞಾನಿಗಳೇ ಒಪ್ಪಿದರು' ಎಂದಿರುತ್ತದೆ. ಇನ್ನೊಂದರಲ್ಲಿ 'ಪವಾಡವೆಲ್ಲ ಸುಳ್ಳು, ಅದು ಬರೀ ಹವಾಮಾನ' ಎಂದಿರುತ್ತದೆ. ಒಮ್ಮೆ ಅಂಥದೊಂದು ವಿಡಿಯೋ ನೋಡಿದ ಮೇಲೆ ನನ್ನ ಜೊತೆ ಕೆಲಸ ಮಾಡುವ ಮಂಗಳೂರಿನ ಫೋರ್‌ಮನ್ ಒಬ್ಬರು, ತಪ್ಪದೆ ಚರ್ಚಿಗೆ ಹೋಗುವವರು, ಚಹಾ ಲೋಟ ಕೆಳಗಿಟ್ಟು ಕೇಳಿದರು: "ಹಾಗಾದ್ರೆ ಅದು ಬರೀ ಗಾಳಿಯಾ ಮಾರಾಯ್ರೆ?" ಆ ದನಿಯಲ್ಲಿ ಜಗಳ ಇರಲಿಲ್ಲ, ನೋವಿತ್ತು. ಅವರ ಪ್ರಶ್ನೆಗೆ ಒಂದು ಗೌರವದ ಉತ್ತರ ಕೊಡಬೇಕು ಅನ್ನಿಸಿತು. ಇವತ್ತಿನ ಮಾತು ಆ ಉತ್ತರದ ವಿಸ್ತಾರ.

ಯಾವ ಪವಾಡದ ಮುಂದೆಯೂ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಕೇಳಬಹುದು. ಇಂಥದ್ದು ನಿಸರ್ಗದಲ್ಲಿ ಆಗಲು ಸಾಧ್ಯವೇ? ಅದು ನಿಜವಾಗಿ ನಡೆಯಿತೇ? ಕತೆ ಹೇಳಿದವರು ಅದನ್ನು ಯಾಕೆ ಹೇಳಿದರು? ಮೊಬೈಲಿಗೆ ಬರುವ ವಿಡಿಯೋಗಳು ಈ ಮೂರನ್ನೂ ಕಲಸಿಬಿಡುತ್ತವೆ. ಮೊದಲನೆಯದಕ್ಕೆ ಹೌದು ಎಂಬ ಉತ್ತರ ಸಿಕ್ಕರೆ ಉಳಿದ ಎರಡೂ ಮುಗಿದವು ಎಂದುಕೊಳ್ಳುತ್ತವೆ. ಅವನ್ನು ಬಿಡಿಸಿ ನೋಡೋಣ.

ಸಮುದ್ರದಿಂದಲೇ ಶುರು ಮಾಡುತ್ತೇನೆ. ಕನ್ನಡ ಬೈಬಲಿನಲ್ಲಿ ಈ ಪುಸ್ತಕಕ್ಕೆ ವಿಮೋಚನಕಾಂಡ ಎಂದು ಹೆಸರು. ಅದರ ಹದಿನಾಲ್ಕನೆಯ ಅಧ್ಯಾಯದಲ್ಲಿ ಐಗುಪ್ತದಿಂದ ಹೊರಟ ಇಸ್ರಾಯೇಲ್ಯರ ಮುಂದೆ ಸಮುದ್ರವಿದೆ, ಹಿಂದೆ ಫರೋಹನ ರಥಗಳಿವೆ. ಮೋಶೆ ಕೈ ಚಾಚುತ್ತಾನೆ. ಆಮೇಲೆ ಗ್ರಂಥವೇ ಒಂದು ಮಾತು ಹೇಳುತ್ತದೆ, ನಾವು ಅದನ್ನು ಗಮನಿಸುವುದಿಲ್ಲ: ರಾತ್ರಿಯಿಡೀ ಬಲವಾದ ಮೂಡಣ ಗಾಳಿ ಬೀಸಿ ನೀರನ್ನು ಹಿಂದಕ್ಕೆ ತಳ್ಳಿತಂತೆ. ಅಂದರೆ ಗಾಳಿಯನ್ನು ಇಂದಿನ ವಿಜ್ಞಾನಿಗಳು ತಂದು ಸೇರಿಸಿದ್ದಲ್ಲ. ಅದು ಮೊದಲಿನಿಂದ ಅಲ್ಲೇ ಇದೆ.

ಗಾಳಿ ನೀರನ್ನು ಸರಿಸುತ್ತದೆಯೇ? ಧಾರಾಳವಾಗಿ. ಇಲ್ಲಿ ಶಮಾಲ್ ಗಾಳಿ ಬಲವಾಗಿ ಬೀಸಿದ ದಿನ ಕೊಲ್ಲಿಯ ಉತ್ತರ ತುದಿಯಲ್ಲಿ ನೀರಿನ ಮಟ್ಟ ಇಳಿಯುತ್ತದೆ, ದಕ್ಷಿಣದಲ್ಲಿ ಏರುತ್ತದೆ. ಅಮೆರಿಕದ ಈರಿ ಸರೋವರದ ಒಂದು ತುದಿಯ ನೀರು ಬಿರುಗಾಳಿಗೆ ಹಿಂದೆ ಸರಿದು ತಳ ಕಾಣುವುದುಂಟು. ನೀರು ಎಷ್ಟು ಆಳ ಕಡಿಮೆಯೋ ಅಷ್ಟು ಸುಲಭವಾಗಿ ಗಾಳಿಯ ಮಾತು ಕೇಳುತ್ತದೆ. 1882ರಲ್ಲಿ ಬ್ರಿಟಿಷ್ ಸೇನೆಯ ಅಧಿಕಾರಿ ಟುಲ್ಲೊಕ್ ಸುಯೆಜ್ ಕಾಲುವೆಯ ಬಳಿ ಸರ್ವೆ ಮಾಡುತ್ತಿದ್ದಾಗ ಜೋರು ಮೂಡಣ ಗಾಳಿ ಎದ್ದಿತು. ಮಂಜಾಲಾ ಸರೋವರದ ನೀರು ಮೈಲಿಗಟ್ಟಲೆ ಹಿಂದೆ ಸರಿಯಿತು. ನೀರಿದ್ದ ಜಾಗದ ಕೆಸರಿನಲ್ಲಿ ಜನ ನಡೆದಾಡಿದ್ದನ್ನು ಅವರು ಕಂಡರು.

2010ರಲ್ಲಿ ಕಾರ್ಲ್ ಡ್ರೂಸ್ ಮತ್ತು ವೇಚಿಂಗ್ ಹಾನ್ ಎಂಬ ಇಬ್ಬರು ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ನೈಲ್ ಮುಖಜ ಭೂಮಿಯ ಪೂರ್ವದಲ್ಲಿ, ಇಂದಿನ ಪೋರ್ಟ್ ಸಯೀದಿನ ಸಮೀಪದಲ್ಲಿ ಹಿಂದೆ ಇದ್ದ ಆಳವಿಲ್ಲದ ಒಂದು ಸರೋವರವನ್ನು ಅವರು ಆರಿಸಿಕೊಂಡರು. ಗಂಟೆಗೆ ಸುಮಾರು 100 ಕಿ.ಮೀ. ವೇಗದ ಮೂಡಣ ಗಾಳಿ 12 ಗಂಟೆ ಬೀಸಿದರೆ ಅಲ್ಲಿ ನೆಲ ತೆರೆದುಕೊಂಡು ಸುಮಾರು 4 ಗಂಟೆ ಹಾಗೇ ಇರುತ್ತದೆ ಎಂದು ಅವರ ಲೆಕ್ಕ ಹೇಳಿತು. ಇದಕ್ಕೆ ಹೀಬ್ರೂ ಪದವೂ ಒಂದು ಆಧಾರ. ನಾವು ಕೆಂಪು ಸಮುದ್ರ ಎಂದು ಓದುವ ಕಡೆ ಮೂಲದಲ್ಲಿರುವುದು 'ಯಾಮ್ ಸೂಫ್'. ಅದಕ್ಕೆ ಜೊಂಡಿನ ಸಮುದ್ರ ಎಂಬ ಅರ್ಥವನ್ನು ಅನೇಕ ವಿದ್ವಾಂಸರು ಕೊಡುತ್ತಾರೆ. ಕೆಂಪು ಸಮುದ್ರ ಎಂಬ ಹೆಸರು ಪ್ರಾಚೀನ ಗ್ರೀಕ್ ಅನುವಾದದಿಂದ ಬಂದದ್ದು.

ಇದಕ್ಕಿಂತ ಮೊದಲು, 1992ರಲ್ಲಿ, ನೋಫ್ ಮತ್ತು ಪಾಲ್ಡೋರ್ ಎಂಬ ಸಮುದ್ರ ವಿಜ್ಞಾನಿಗಳು ಇನ್ನೊಂದು ಲೆಕ್ಕ ಕೊಟ್ಟಿದ್ದರು. ಅವರು ಆರಿಸಿದ್ದು ಸುಯೆಜ್ ಕೊಲ್ಲಿಯ ತುದಿ. ಗಂಟೆಗೆ 70 ಕಿ.ಮೀ. ಆಸುಪಾಸಿನ ಗಾಳಿ ಹತ್ತು ಗಂಟೆ ಬೀಸಿದರೆ ಅಲ್ಲಿ ನೀರು ಎರಡೂವರೆ ಮೀಟರ್ ಇಳಿಯಬಹುದು ಎಂದರು. ಆದರೆ ಆ ಕೊಲ್ಲಿ ಮಲಗಿರುವ ದಿಕ್ಕಿನಿಂದಾಗಿ ಗಾಳಿ ವಾಯವ್ಯದಿಂದ ಬರಬೇಕು. ಗ್ರಂಥ ಹೇಳುವುದು ಮೂಡಣ ಗಾಳಿ. ಡ್ರೂಸ್ ಅವರ ಗಾಳಿಯ ದಿಕ್ಕೇನೋ ಸರಿ. ಆದರೆ ಪೂರ್ವಕ್ಕೆ ಹೊರಟವರು 100 ಕಿ.ಮೀ. ವೇಗದ ಎದುರುಗಾಳಿಯಲ್ಲಿ ಮಕ್ಕಳು, ಮುದುಕರು, ಕುರಿಮಂದೆಯ ಸಮೇತ ನಡೆಯಬೇಕು. ಅದರ ಅರ್ಧದಷ್ಟು ಗಾಳಿ ಬಂದರೂ ನಾವು ಬಂದರಿನಲ್ಲಿ ಕ್ರೇನ್ ನಿಲ್ಲಿಸುತ್ತೇವೆ.

ಇಷ್ಟರಿಂದ ಏನು ತಿಳಿಯಿತು? ಗಾಳಿ ಬೀಸಿ ನೀರು ಸರಿಯುವುದು ಸಾಧ್ಯ. ಅಂಥ ಜಾಗಗಳು ಆ ಸೀಮೆಯಲ್ಲಿವೆ. ಅಲ್ಲಿಗೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಆ ರಾತ್ರಿ ಆ ಜನ ದಾಟಿದರೇ ಎಂಬ ಎರಡನೆಯ ಪ್ರಶ್ನೆಯನ್ನು ಕಂಪ್ಯೂಟರ್ ಮುಟ್ಟಿಯೇ ಇಲ್ಲ. 'ಸಾಧ್ಯ' ಎನ್ನುವುದಕ್ಕೂ 'ಆಯಿತು' ಎನ್ನುವುದಕ್ಕೂ ನಡುವೆ ಒಂದು ಸಮುದ್ರವೇ ಇದೆ.

ಇನ್ನು ಹೊಳೆಯ ಕತೆ. ಯೆಹೋಶುವನ ಪುಸ್ತಕದಲ್ಲಿ ಇಸ್ರಾಯೇಲ್ಯರು ಯೊರ್ದನ್ ಹೊಳೆ ದಾಟುವಾಗ ಮೇಲಿಂದ ಬರುವ ನೀರು ದೂರದ ಆದಾಮ್ ಎಂಬ ಊರಿನ ಹತ್ತಿರ ರಾಶಿಯಾಗಿ ನಿಂತಿತು ಎಂದಿದೆ. ಆ ಊರು ಇಂದಿನ ದಾಮಿಯಾ ಎಂದು ವಿದ್ವಾಂಸರ ಅಭಿಪ್ರಾಯ. ಅಲ್ಲಿ ಹೊಳೆಯ ದಂಡೆ ಮೆತ್ತನೆಯ ಮಣ್ಣಿನದು, ಎತ್ತರದ್ದು, ಕುಸಿಯುವಂಥದ್ದು.

ಅದೇ ದಾಮಿಯಾದಲ್ಲಿ ಐಗುಪ್ತದ ಸುಲ್ತಾನ ಬೈಬರ್ಸ್ 1266ರಲ್ಲಿ ಸೇತುವೆ ಕಟ್ಟಿಸಿದ. ಕಟ್ಟಿದ ಸ್ವಲ್ಪ ದಿನಕ್ಕೇ ಕಂಬಗಳು ಅಲುಗಾಡಿದವು. ದುರಸ್ತಿಗೆ ಆಳುಗಳನ್ನು ಕಳಿಸಿದರೆ ಹೊಳೆಯ ಸೆಳೆತದಲ್ಲಿ ಕೆಲಸ ಸಾಗಲಿಲ್ಲ. 1267ರ ಡಿಸೆಂಬರಿನ ಒಂದು ರಾತ್ರಿ ಇದ್ದಕ್ಕಿದ್ದಂತೆ ನೀರು ನಿಂತುಹೋಯಿತು. ಕಾಮಗಾರಿಯವರು ಸಿಕ್ಕಿದ ಸಮಯ ಬಿಡದೆ ಬುನಾದಿ ಸರಿಪಡಿಸಿದರು. ಏನಾಯಿತೆಂದು ನೋಡಲು ಮೇಲಕ್ಕೆ ಸವಾರರನ್ನು ಕಳಿಸಿದರು. ದಂಡೆಯ ಮೇಲಿದ್ದ ದೊಡ್ಡ ದಿಬ್ಬವೊಂದು ಕುಸಿದು ಹೊಳೆಗೆ ಅಡ್ಡಗಟ್ಟೆಯಾಗಿತ್ತು. ಮರುದಿನ ಬೆಳಗಿನ ಹೊತ್ತಿಗೆ ನೀರು ಮತ್ತೆ ಬಂತು. ಆಗ ಕೆಲಸ ಮುಗಿದಿತ್ತು. ಇದನ್ನು ಬರೆದಿಟ್ಟವನು ಅರಬ್ ಇತಿಹಾಸಕಾರ ನುವೈರಿ. 1927ರ ಜುಲೈ 11ರ ಭೂಕಂಪದಲ್ಲೂ ದಂಡೆ ಕುಸಿದು ಹೊಳೆ 21 ಗಂಟೆ ನಿಂತಿತ್ತು ಎಂದು ಪುರಾತತ್ವಜ್ಞ ಗಾರ್ಸ್ಟಾಂಗ್ ಬರೆದರು. ಆ ಮಾತನ್ನು ನಂತರದ ಸಂಶೋಧಕರು ಸಂಶಯದಿಂದ ನೋಡಿದ್ದಾರೆ.

ಸೇತುವೆ ಕೆಲಸ ಮಾಡಿದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಬುನಾದಿ ಹಾಕುವಾಗ ನೀರು ತಾನಾಗಿ ನಿಂತರೆ ನಾವು ಏನೆನ್ನುತ್ತೇವೆ? ದೇವರು ದೊಡ್ಡವನು ಎನ್ನುತ್ತೇವೆ, ಬೇಗ ಕಾಂಕ್ರೀಟು ಹಾಕಿ ಎನ್ನುತ್ತೇವೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಮಣ್ಣು ಕುಸಿಯಿತು ಎಂದು ಸವಾರ ಬಂದು ತಿಳಿಸಿದ ಮಾತ್ರಕ್ಕೆ ಆ ರಾತ್ರಿಯ ಕೃತಜ್ಞತೆ ಸುಳ್ಳಾಗುವುದಿಲ್ಲ. ಹಾಗೆಯೇ, ಕೃತಜ್ಞತೆ ಇದೆ ಎಂದು ಮಣ್ಣು ಕುಸಿದದ್ದೂ ಸುಳ್ಳಾಗುವುದಿಲ್ಲ.

ಮೂರನೆಯದು ಊಟದ ಕತೆ. ಮರುಭೂಮಿಯಲ್ಲಿ ಹಸಿದವರಿಗೆ ಬೆಳಗಿನ ಇಬ್ಬನಿಯ ಜೊತೆ ನೆಲದ ಮೇಲೆ ಸಿಹಿಯಾದ ಸಣ್ಣ ಕಾಳು ಸಿಗುತ್ತದೆ. ಇದೇನು ಎಂದು ಒಬ್ಬರನ್ನೊಬ್ಬರು ಕೇಳಿದ್ದರಿಂದಲೇ ಅದಕ್ಕೆ ಮನ್ನ ಎಂಬ ಹೆಸರು ಬಂತು ಎನ್ನುತ್ತದೆ ಗ್ರಂಥ. ಕುರಾನಿನಲ್ಲೂ ಮನ್ನ್ ಮತ್ತು ಸಲ್ವಾ ಜೊತೆಜೊತೆಯಾಗಿ ಬರುತ್ತವೆ. ಇರಾಕಿ ಮಿಠಾಯಿ ಅಂಗಡಿಗೆ ಹೋದವರಿಗೆ 'ಮನ್ನ್ ಅಸ್ಸಮಾ' ಎಂಬ ಸಿಹಿ ಗೊತ್ತಿರುತ್ತದೆ. ಹೆಸರಿನ ಅರ್ಥ ಆಕಾಶದ ಮನ್ನ.

1927ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞ ಬೋಡೆನ್‌ಹೈಮರ್ ಇದನ್ನು ಪತ್ತೆಹಚ್ಚಲು ಸಿನಾಯಿಗೆ ಹೋದರು. ಅಲ್ಲಿನ ಟ್ಯಾಮರಿಸ್ಕ್ ಗಿಡದ, ಅರಬರು ತರ್ಫಾ ಎನ್ನುವ ಗಿಡದ, ರಸ ಹೀರುವ ಹಿಟ್ಟು ತಿಗಣೆಯ ಜಾತಿಯ ಕೀಟಗಳು ಸಿಹಿ ಹನಿಗಳನ್ನು ಹೊರಹಾಕುತ್ತವೆ. ಒಣ ಗಾಳಿಗೆ ಅವು ಗಟ್ಟಿಯಾಗಿ ಉದುರುತ್ತವೆ. ಊರಿನಲ್ಲಿ ಸೀಬೆ, ದಾಳಿಂಬೆ ತೋಟ ಇರುವವರಿಗೆ ಇದು ಹೊಸತಲ್ಲ. ಹಿಟ್ಟು ತಿಗಣೆ ಬಿದ್ದ ಗಿಡದ ಎಲೆ ಅಂಟಂಟಾಗಿ ಇರುವೆ ಮುತ್ತುವುದನ್ನು ನೋಡಿರುತ್ತಾರೆ. ಒಳ್ಳೆಯ ಹಂಗಾಮಿನಲ್ಲಿ ಒಬ್ಬ ಮನುಷ್ಯ ದಿನಕ್ಕೆ ಒಂದು ಕಿಲೋ ಕೂಡಿಸಬಹುದು. ಆ ಹಂಗಾಮು ಬೇಸಿಗೆಯ ಕೆಲವು ವಾರ ಮಾತ್ರ.

ಈಗ ಗ್ರಂಥದ ಲೆಕ್ಕ ನೋಡೋಣ. ಗಂಡಸರೇ 6 ಲಕ್ಷ. ಹೆಂಗಸರು, ಮಕ್ಕಳು ಸೇರಿ 20 ಲಕ್ಷ ಎನ್ನಿ. ತಲೆಗೆ ದಿನಕ್ಕೆ ಒಂದು ಓಮೆರ್, ಅಂದರೆ ಸುಮಾರು 2 ಲೀಟರ್. ಒಟ್ಟು 40 ಲಕ್ಷ ಲೀಟರ್. 20 ಸಾವಿರ ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ದಿನಕ್ಕೆ 200 ಟ್ಯಾಂಕರ್, ಅದೂ 40 ವರ್ಷ. ಯಾವ ತಿಗಣೆಯೂ ಈ ಮೆಸ್ ನಡೆಸಲಾರದು. ಮೇಲಾಗಿ ಆರನೆಯ ದಿನ ಎರಡು ಪಟ್ಟು ಸಿಗುತ್ತದೆ, ಏಳನೆಯ ದಿನ ಏನೂ ಸಿಗುವುದಿಲ್ಲ ಎಂದಿದೆ. ಕೀಟಕ್ಕೆ ವಾರದ ರಜೆ ಗೊತ್ತಿಲ್ಲ. ಕತೆಯಲ್ಲಿ ಬರುವ ಮನ್ನದ ರುಚಿಯನ್ನೂ ರೂಪವನ್ನೂ ಕೀಟ ವಿವರಿಸಬಲ್ಲದು. ಅದರ ಪ್ರಮಾಣವನ್ನೂ ಶಿಸ್ತನ್ನೂ ವಿವರಿಸಲಾರದು.

ಸಲ್ವಾ ಎಂದರೆ ಲಾವಕ್ಕಿ. ಇದರ ವಿವರಣೆ ಇನ್ನೂ ಗಟ್ಟಿಯಾಗಿದೆ. ಯೂರೋಪು ಮತ್ತು ಆಫ್ರಿಕಾದ ನಡುವೆ ವಲಸೆ ಹೋಗುವ ಲಾವಕ್ಕಿಗಳು ಸಮುದ್ರ ದಾಟಿ ದಣಿದು ಸಿನಾಯಿಯ ದಡದಲ್ಲಿ ಕೆಳಗೆ ಬೀಳುವಂತೆ ಇಳಿಯುತ್ತವೆ. ಎಲ್ ಅರೀಶಿನ ಜನ ಬಲೆ ಕಟ್ಟಿ ಹಿಡಿಯುವುದು ಹಳೆಯ ರೂಢಿ. ಗ್ರಂಥದಲ್ಲಿ ಆ ಹಕ್ಕಿ ತಿಂದವರಿಗೆ ಮಾರಿ ಬಂದು ಸತ್ತರು ಎಂದಿದೆ. ವಲಸೆಯ ಲಾವಕ್ಕಿ ತಿಂದು ಕೆಲವರ ಸ್ನಾಯುಗಳು ಕೆಡುವ ವಿಷಬಾಧೆಯನ್ನು ವೈದ್ಯರು ಕಾಟರ್ನಿಸಂ ಎಂಬ ಹೆಸರಿನಲ್ಲಿ ದಾಖಲಿಸಿದ್ದಾರೆ. ಈ ಕತೆ ಬರುವ ಪುಸ್ತಕಕ್ಕೆ ಕನ್ನಡದಲ್ಲಿ ಇಟ್ಟಿರುವ ಹೆಸರು ಅರಣ್ಯಕಾಂಡ. ರಾಮಾಯಣ ಕೇಳಿ ಬೆಳೆದ ಕಿವಿಗೆ ಹತ್ತಿರವಾಗುವ ಹೆಸರು. ಹಕ್ಕಿಗಳ ದಾರಿ, ಋತು, ಜಾಗ, ಕಾಯಿಲೆ ಇಷ್ಟೂ ಹೊಂದುವುದನ್ನು ನೋಡಿದರೆ, ಆ ಕತೆ ಹೇಳಿದವರಿಗೆ ಆ ನೆಲ ಚೆನ್ನಾಗಿ ಗೊತ್ತಿತ್ತು ಎಂದು ನನಗೆ ಅನಿಸುತ್ತದೆ.

ಆದರೆ ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಲು ಹೋದಾಗ ತೊಡಕು ಶುರುವಾಗುತ್ತದೆ. ಐಗುಪ್ತಕ್ಕೆ ಬಂದ ಹತ್ತು ಪೀಡೆಗಳನ್ನು ಗ್ರೇಟಾ ಹೋರ್ಟ್ ಎಂಬ ವಿದ್ವಾಂಸೆ 1957-58ರಲ್ಲಿ ಒಂದು ಸರಪಳಿಯಾಗಿ ವಿವರಿಸಿದರು. ನೈಲ್ ನದಿಯ ಭಾರಿ ಪ್ರವಾಹದಲ್ಲಿ ಕೆಂಪು ಮಣ್ಣು ಮತ್ತು ಕೆಂಪು ಸೂಕ್ಷ್ಮಜೀವಿಗಳು ಸೇರಿ ನೀರು ರಕ್ತದಂತಾಯಿತು, ಮೀನು ಸತ್ತವು, ಕಪ್ಪೆಗಳು ದಡಕ್ಕೆ ಓಡಿದವು, ಆಂಥ್ರಾಕ್ಸ್ ಹರಡಿತು, ನೊಣಗಳು ಅದನ್ನು ದನಕ್ಕೂ ಮನುಷ್ಯರಿಗೂ ದಾಟಿಸಿದವು, ಕೊನೆಗೆ ಮರುಭೂಮಿಯ ದೂಳು ಸೂರ್ಯನನ್ನು ಮುಚ್ಚಿತು. ಹಗಲು ಹನ್ನೆರಡಕ್ಕೆ ಹೆಡ್‌ಲೈಟ್ ಹಾಕಿ ಗಾಡಿ ಓಡಿಸಿದ ನಮಗೆ ಆ ಕತ್ತಲೆಯ ಪರಿಚಯವಿದೆ. ಗಾಳಿಯ ಜೊತೆ ಬರುವ ಮಿಡತೆಯ ಹಿಂಡನ್ನೂ 2020ರಲ್ಲಿ ಅರೇಬಿಯಾ ಕಂಡಿತು, ನಮ್ಮ ರಾಜಸ್ಥಾನವೂ ಕಂಡಿತು.

ಸರಪಳಿ ಚೆಂದವಾಗಿದೆ. ಆದರೆ ಹತ್ತನೆಯ ಪೀಡೆಗೆ ಬಂದಾಗ ಅದು ನಿಂತುಬಿಡುತ್ತದೆ. ಚೊಚ್ಚಲ ಮಕ್ಕಳನ್ನು ಮಾತ್ರ ಆರಿಸಿ ಕೊಲ್ಲುವ ರೋಗ ಯಾವುದೂ ಇಲ್ಲ. ಹೋರ್ಟ್ ಅವರು, ಮೂಲದಲ್ಲಿ ಬೆಳೆಯ ಮೊದಲ ಫಸಲು ಎಂದಿದ್ದದ್ದು ಚೊಚ್ಚಲ ಮಗು ಎಂದು ಬದಲಾಗಿರಬೇಕು ಎಂದರು. 1996ರಲ್ಲಿ ಮಾರ್ ಮತ್ತು ಮಲೋಯ್ ಎಂಬ ಇಬ್ಬರು, ಬೂಷ್ಟು ಹಿಡಿದ ಧಾನ್ಯದ ವಿಷದಿಂದ ಸಾವು ಬಂತು, ಚೊಚ್ಚಲವರಿಗೆ ಹೆಚ್ಚಿನ ಪಾಲು ಸಿಗುತ್ತಿದ್ದರಿಂದ ಅವರೇ ಸತ್ತರು ಎಂದರು. ಇಲ್ಲಿ ನಾವು ಎಚ್ಚರವಾಗಬೇಕು. ವಿವರಣೆಗೆ ಹೊಂದುವಂತೆ ಕತೆಯನ್ನೇ ತಿದ್ದಲು ಹೊರಟರೆ, ಇಲ್ಲವೇ ಕತೆಯಲ್ಲಿಲ್ಲದ ಸಂಗತಿಗಳನ್ನು ತುಂಬಿದರೆ, ನಾವು ವಿವರಿಸುತ್ತಿರುವುದು ನಾವೇ ಕಟ್ಟಿದ ಹೊಸ ಕತೆಯನ್ನು.

ಎರಡನೆಯ ಪ್ರಶ್ನೆಗೆ ಯೆರಿಕೋ ಒಳ್ಳೆಯ ಪಾಠ. ತುತ್ತೂರಿ ಊದಿ ಕೂಗಿದಾಗ ಊರಿನ ಗೋಡೆ ಬಿತ್ತು ಎಂಬ ಕತೆಗೆ ಭೂಕಂಪದ ವಿವರಣೆ ತುಂಬ ಪ್ರಸಿದ್ಧ. ಆ ಕಣಿವೆ ಭೂಕಂಪದ ಬಿರುಕಿನ ಮೇಲೆಯೇ ಇದೆ. 1930ರ ದಶಕದಲ್ಲಿ ಗಾರ್ಸ್ಟಾಂಗ್ ಅಗೆದು ಬಿದ್ದ ಗೋಡೆಯನ್ನು ತೋರಿಸಿ ಯೆಹೋಶುವನ ಕಾಲದ್ದು ಎಂದರು. 1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಮತ್ತೆ ಅಗೆದು, ಆ ಗೋಡೆ ಸುಮಾರು ಸಾವಿರ ವರ್ಷ ಹಳೆಯದು, ಯೆಹೋಶುವನಿಗೆ ಸಾಮಾನ್ಯವಾಗಿ ಹೇಳುವ ಕಾಲದಲ್ಲಿ ಅಲ್ಲಿ ಬೀಳುವುದಕ್ಕೆ ಗೋಡೆಯೇ ಇರಲಿಲ್ಲ ಎಂದು ತೋರಿಸಿದರು. ಗೋಡೆ ಹೇಗೆ ಬಿತ್ತು ಎಂಬ ಉತ್ತರ ಸಿದ್ಧವಾಗಿತ್ತು, ಗೋಡೆ ಇತ್ತೇ ಎಂದು ಕೇಳುವುದು ಬಾಕಿ ಉಳಿದಿತ್ತು. ಹಾಗೆಯೇ 20 ಲಕ್ಷ ಜನ ಸಿನಾಯಿಯಲ್ಲಿ 40 ವರ್ಷ ಇದ್ದರು ಎನ್ನುವುದಕ್ಕೆ ಪುರಾತತ್ವದ ಕುರುಹು ಸಿಕ್ಕಿಲ್ಲ. ಕ್ರಿ.ಪೂ. 1208ರ ಸುಮಾರಿನ ಫರೋಹ ಮೆರ್ನೆಪ್ತಾನ ಶಾಸನದಲ್ಲಿ ಇಸ್ರಾಯೇಲ್ ಎಂಬ ಜನರ ಹೆಸರು ಇದೆ. ಚಿಕ್ಕ ಗುಂಪೊಂದರ ನೆನಪು ಬೆಳೆದು ಇಡೀ ಜನಾಂಗದ ಕತೆಯಾಗಿರಬಹುದು ಎಂದು ಹಲವು ವಿದ್ವಾಂಸರು ಭಾವಿಸುತ್ತಾರೆ.

ಇದನ್ನೆಲ್ಲ ಕೇಳಿದರೆ ಭಕ್ತರಿಗೆ ಬೇಸರವಾಗುವುದಿಲ್ಲವೇ? ಭಕ್ತರೇ ಇದನ್ನು ಬಹಳ ಹಿಂದೆ ಚರ್ಚಿಸಿದ್ದಾರೆ. ಒಂದನೆಯ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್ ಸಮುದ್ರ ದಾಟಿದ್ದನ್ನು ಬರೆದು, ಅಲೆಕ್ಸಾಂಡರನ ಸೇನೆಗೂ ಸಮುದ್ರ ದಾರಿ ಬಿಟ್ಟಿತ್ತು ಎಂದು ಹೋಲಿಸಿ, ಓದುಗರು ತಮಗೆ ತೋಚಿದಂತೆ ತೀರ್ಮಾನಿಸಲಿ ಎಂದ. 1204ರಲ್ಲಿ ತೀರಿಕೊಂಡ ಮೈಮೊನೈಡೀಸ್ ಐಗುಪ್ತದಲ್ಲಿ ವೈದ್ಯನಾಗಿದ್ದವನು, ಯಹೂದಿ ಧರ್ಮಶಾಸ್ತ್ರದ ದೊಡ್ಡ ಹೆಸರು. ಸೃಷ್ಟಿಯ ಹೊತ್ತಿನಲ್ಲೇ ಪವಾಡಗಳನ್ನು ನಿಸರ್ಗದೊಳಗೆ ಇಡಲಾಗಿತ್ತು ಎಂಬ ವಿಚಾರ ಅವನದು. 1670ರಲ್ಲಿ ಸ್ಪಿನೋಜಾ ಇದೇ ಮೂಡಣ ಗಾಳಿಯನ್ನು ತೋರಿಸಿ, ಗ್ರಂಥವೇ ನಿಸರ್ಗದ ಕಾರಣ ಹೇಳುತ್ತಿದೆ ನೋಡಿ ಎಂದ. ಮೂವರ ದಾರಿ ಬೇರೆ. ಆದರೆ ಕಾರಣ ಕೇಳುವುದನ್ನು ಮೂವರೂ ಅಪಚಾರ ಎಂದುಕೊಳ್ಳಲಿಲ್ಲ.

ಮೂರನೆಯ ಪ್ರಶ್ನೆಗೆ ಬರುತ್ತೇನೆ. ಈ ಕತೆಯನ್ನು ಯಾಕೆ ಹೇಳಿದರು? ಅದು ಸಮುದ್ರದಿಂದ ಶುರುವಾಗುವುದಿಲ್ಲ, ಇಟ್ಟಿಗೆಯಿಂದ ಶುರುವಾಗುತ್ತದೆ. ಪರದೇಶದಲ್ಲಿ ಇಟ್ಟಿಗೆ ಮಾಡುವ ಜನ. ಕೆಲಸದಿಂದ ಬಿಡುವು ಕೇಳಿದ್ದಕ್ಕೆ ಫರೋಹ, ಹುಲ್ಲು ಕೊಡುವುದಿಲ್ಲ, ನೀವೇ ಹುಡುಕಿಕೊಳ್ಳಿ, ದಿನದ ಇಟ್ಟಿಗೆಯ ಲೆಕ್ಕ ಮಾತ್ರ ಕಡಿಮೆಯಾಗಬಾರದು ಎನ್ನುತ್ತಾನೆ. ಲೆಕ್ಕ ತಪ್ಪಿದರೆ ಮೇಸ್ತ್ರಿಗಳಿಗೆ ಏಟು. ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಈಗ ಮನ್ನದ ಕತೆಯನ್ನು ಮತ್ತೆ ನೋಡಿ. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಸಾಲದೆ ಬರಲಿಲ್ಲ. ನಾಳೆಗೆಂದು ಬಚ್ಚಿಟ್ಟದ್ದು ಹುಳ ಬಿತ್ತು. ಏಳನೆಯ ದಿನ ಯಾರೂ ಕೆಲಸಕ್ಕೆ ಹೋಗಬೇಕಾಗಿಲ್ಲ, ಆದರೂ ಊಟವಿದೆ. ರಜೆಯೇ ಇಲ್ಲದೆ ದುಡಿದವರು ಕಂಡ ನ್ಯಾಯದ ಚಿತ್ರ ಇದು. ತಿಗಣೆಯಿಂದ ವಿವರಿಸಲಾಗದೆ ಉಳಿದ ಭಾಗವೇ, ಆ ಪ್ರಮಾಣ, ಆ ಸಮಪಾಲು, ಆ ರಜೆ, ಕತೆ ಹೇಳಿದವರಿಗೆ ಮುಖ್ಯವಾಗಿತ್ತು.

ಆದ್ದರಿಂದ ನನ್ನ ಫೋರ್‌ಮನ್ ಮಿತ್ರರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಗಾಳಿ ಇರಬಹುದು, ಅದನ್ನು ನಿಮ್ಮ ಪುಸ್ತಕವೇ ಹೇಳಿದೆ. ಅದು ನಡೆಯಿತೋ ಇಲ್ಲವೋ ಎಂಬುದನ್ನು ಅಗೆಯುವವರು, ಶಾಸನ ಓದುವವರು ನೋಡಲಿ. ಅವರ ಉತ್ತರ ನಮಗೆ ಇಷ್ಟವಾಗದಿದ್ದರೂ ಕೇಳಿಸಿಕೊಳ್ಳೋಣ. ಇಟ್ಟಿಗೆ ಹೊತ್ತವರಿಗೆ ಆ ಕತೆ ಕೊಟ್ಟ ಧೈರ್ಯವನ್ನು ಗಾಳಿಯ ವೇಗದಿಂದ ಅಳೆಯಲಾಗುವುದಿಲ್ಲ.

ಕೊನೆಯದಾಗಿ ಒಂದು ವಿನಂತಿ. ಇದೇ ಮೂರು ಪ್ರಶ್ನೆಗಳನ್ನು ನಮ್ಮ ನಮ್ಮ ಮನೆಯ ಪುರಾಣಕ್ಕೂ ಕೇಳೋಣ. ಬೇರೆಯವರ ಗ್ರಂಥಕ್ಕೆ ಒಂದು ತಕ್ಕಡಿ, ನಮ್ಮದಕ್ಕೆ ಇನ್ನೊಂದು ತಕ್ಕಡಿ ಬೇಡ. ಮುಂದಿನ ಸಲ ಅಂಥ ವಿಡಿಯೋ ಬಂದಾಗ ಮುಂದಕ್ಕೆ ಕಳಿಸುವ ಮೊದಲು, ಇದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ ಎಂದು ನೋಡಿ. ಮಕ್ಕಳು ಕೇಳಿದರೆ ಬೈದು ಸುಮ್ಮನಾಗಿಸಬೇಡಿ, ನಗಬೇಡಿ. ಜೊತೆಗೆ ಕೂತು ಆ ಅಧ್ಯಾಯವನ್ನು ಓದಿ. ಪಕ್ಕದ ರೂಮಿನಲ್ಲಿ ಆ ಕತೆಯನ್ನು ನಂಬಿ ಬದುಕುವ ಗೆಳೆಯ ಇದ್ದರೆ ಅವನನ್ನೂ ಕರೆಯಿರಿ, ಅವನಿಗೆ ಅದು ಏನು ಹೇಳುತ್ತದೆ ಎಂದು ಕೇಳಿ.

ಇಷ್ಟು ಹೊತ್ತು ಸಮಾಧಾನದಿಂದ ಕೇಳಿದ್ದೀರಿ. ಚಹಾ ಆದ ಮೇಲೆ ಪ್ರಶ್ನೋತ್ತರ ಇದೆ. ಒಪ್ಪದವರು ಮೊದಲು ಎದ್ದು ನಿಲ್ಲಿ.